ಊರಿನ ಹೆಸರಿಲ್ಲದ ವಿಳಾಸ, ಜಿಪಿಯು ಮತ್ತು ಪಕ್ಕದವರ ಮನೆ

ನಮ್ಮ ಹಗರೆಯಲ್ಲಿ ‘ದೇವಸ್ಥಾನದ ಪಕ್ಕ ಮೂರನೇ ಮನೆ’ ಅಂದರೆ ಪೋಸ್ಟ್‌ಮ್ಯಾನ್‌ಗೆ ಸಾಕು. ಆದರೆ ಅಂಥದ್ದೇ ಮನೆ ಹಳೇಬೀಡಲ್ಲೂ ಇದೆ, ಬೇಲೂರಲ್ಲೂ ಇದೆ. ಊರಿನ ಹೆಸರು ಬೇಕೇ ಬೇಕು.

ಕಂಪ್ಯೂಟರ್ ಮೆಮೊರಿಯದೂ ಇದೇ ಕಥೆ. ಪ್ರತಿ ಪ್ರೋಗ್ರಾಮಿಗೂ ತನ್ನದೇ ವರ್ಚುವಲ್ ವಿಳಾಸಗಳು. ಅವು ಅಸಲಿ ರ್‍ಯಾಮ್‌ನಲ್ಲಿ ಎಲ್ಲಿವೆ ಅಂತ ಪೇಜ್ ಟೇಬಲ್ ಹೇಳುತ್ತೆ. ಜಿಪಿಯುಗೆ ಕೆಲಸ ಕೊಡಲು ಡೇಟಾ ಕಾಪಿ ಮಾಡಿ, ಕದಲದಂತೆ ಕಟ್ಟಿಹಾಕಿ, ಬೇರೆ ವಿಳಾಸ ಕೊಡಬೇಕು ಅಂತ ನಾನು ಇಂಜಿನಿಯರಿಂಗ್‌ನಲ್ಲಿ ಕಲಿತಿದ್ದೆ. ‘ಶೇರ್ಡ್ ವರ್ಚುವಲ್ ಅಡ್ರೆಸಿಂಗ್’ನಲ್ಲಿ ಆ ರಗಳೆ ಇಲ್ಲ. ಪ್ರೋಗ್ರಾಮಿನ ವಿಳಾಸವೇ ಡಿವೈಸ್‌ಗೂ ನಡೆಯುತ್ತೆ. ಜೊತೆಗೆ ‘ಪಾಸಿಡ್’ ಎಂಬ 20 ಬಿಟ್‌ಗಳ ಸಂಖ್ಯೆ ಹೋಗುತ್ತೆ. ಊರಿನ ಹೆಸರು ಅಂದರೆ ಅದೇ. ಐಒಎಂಎಂಯು ಎಂಬ ಹಾರ್ಡ್‌ವೇರ್ ಪೋಸ್ಟ್‌ಮ್ಯಾನ್.

ವರ್ಚುವಲ್ ಮಷೀನ್ ಇದ್ದರೆ ಹುಡುಕಾಟ ಎರಡು ಸಲ. ಮೊದಲ ಟೇಬಲ್ ಬಾಡಿಗೆದಾರನದು, ಎರಡನೆಯದು ಮಾಲೀಕನದು, ಅಂದರೆ ಹೈಪರ್‌ವೈಸರ್‌ನದು. ಬಾಡಿಗೆದಾರ ತನ್ನ ಟೇಬಲ್‌ನಲ್ಲಿ ಏನೇ ಗೀಚಿದರೂ ಪಕ್ಕದವರ ಮನೆಗೆ ನುಗ್ಗಲಾರ. ಕ್ಲೌಡ್‌ನಲ್ಲಿ ಹತ್ತು ಕಂಪನಿಗಳು ಒಂದೇ ಮಷೀನ್ ಹಂಚಿಕೊಳ್ಳೋ ಧೈರ್ಯ ಇಲ್ಲಿಂದಲೇ ಬರೋದು.

ಎಡವಟ್ಟಾಗೋದು ಹಳೇ ನೆನಪಿಂದ. ವೇಗಕ್ಕಾಗಿ ಐಒಎಂಎಂಯು, ಕೆಲವು ಸಲ ಡಿವೈಸ್ ಕೂಡ, ಒಮ್ಮೆ ಹುಡುಕಿದ ವಿಳಾಸಗಳನ್ನು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತೆ. ಆ ಜಾಗ ಇನ್ನೊಬ್ಬರ ಪಾಲಾದ ಮೇಲೂ ನೆನಪು ಅಳಿಯದಿದ್ದರೆ, ಹಳಬರ ಡಿವೈಸ್ ಹೊಸಬರ ಡೇಟಾ ಓದಬಹುದು, ತಿದ್ದಲೂಬಹುದು. ಅದು ಯಾರದೋ ಆಸ್ಪತ್ರೆ ಸ್ಕ್ಯಾನ್ ಆಗಿದ್ದರೆ? ಅದಕ್ಕೇ ಓಎಸ್ ಮೊದಲು ‘ಮರೆತುಬಿಡು’ ಅನ್ನಬೇಕು, ‘ಮರೆತೆ’ ಅನ್ನೋ ಉತ್ತರ ಬರೋವರೆಗೂ ಆ ಜಾಗ ಯಾರಿಗೂ ಕೊಡಬಾರದು. ಹೀಗೆ ಕಾಯೋದರಿಂದ ವೇಗ ಒಂಚೂರು ಕಮ್ಮಿಯಾಗುತ್ತೆ. ಜಾಹೀರಾತಿನಲ್ಲಿ ಮಾತ್ರ ಇದು ಕಾಣಿಸಲ್ಲ.