ಹಡಗು ಬಸ್ಸಲ್ಲ, ಕೈ ತೋರಿಸಿದರೆ ನಿಲ್ಲುವುದಿಲ್ಲ: ಕ್ರೂಸ್ ಪ್ರವಾಸಕ್ಕೆ ಬುಕ್ ಮಾಡುವ ಮೊದಲು ತಿಳಿದಿರಬೇಕಾದ ಸಂಗತಿಗಳು

ಬೆಟ್ಟಂಪಾಡಿ: ಮಳೆಗಾಲ ಮುಗಿದು ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರಲು ಶುರುವಾದರೆ ಸಾಕು, ಮೊಬೈಲಿನಲ್ಲಿ ಅದರ ಫೋಟೋ ಓಡಾಡುತ್ತದೆ. "ನಮಗೂ ಒಮ್ಮೆ ಇದರಲ್ಲಿ ಹೋಗ್ಲಿಕ್ಕೆ ಆಗ್ತದಾ ಮಾರಾಯ್ರೆ?" ಎಂಬ ಮಾತು ರೆಂಜದ ಅಂಗಡಿ ಜಗಲಿಯಲ್ಲೂ ಬರುತ್ತದೆ, ಇರ್ದೆ, ಪಾಣಾಜೆಯ ಮದುವೆ ಮನೆಯಲ್ಲೂ ಬರುತ್ತದೆ. ಅಪ್ಪ ಅಮ್ಮನ ಮದುವೆಗೆ 50 ವರ್ಷ ತುಂಬಿತೆಂದು ಮಕ್ಕಳು ಟಿಕೆಟ್ ಮಾಡಿಸುವುದುಂಟು. ಸಿಮೆಂಟ್, ಪೈಂಟ್ ಕಂಪೆನಿಗಳು ಅಂಗಡಿಯವರಿಗೆ ಟೂರ್ ಕೊಡುವುದೂ ಉಂಟು.

ಹೋಗಲಿಕ್ಕೆ ಖಂಡಿತ ಆಗುತ್ತದೆ. ಆದರೆ ಇದು ಪುತ್ತೂರಿನ ಬಸ್ ಹಿಡಿದ ಹಾಗೆ ಅಲ್ಲ. ಹೆಸರಿನ ಒಂದು ಅಕ್ಷರ ಹೆಚ್ಚುಕಡಿಮೆಯಾದರೆ, ರೈಲು ಎರಡು ಗಂಟೆ ತಡವಾದರೆ, ಒಂದು ಕಾಗದ ಮನೆಯಲ್ಲಿ ಉಳಿದರೆ ಹಡಗು ಕಾಯುವುದಿಲ್ಲ. ಕಟ್ಟಿದ ಹಣ ವಾಪಸ್ ಬರುವುದೂ ಕಷ್ಟ. ಹಾಗಾಗಿ ಕ್ರೂಸ್ ಪ್ರವಾಸದ ಮುಖ್ಯ ಕೆಲಸ ನಡೆಯುವುದು ಬಂದರಿನಲ್ಲಿ ಅಲ್ಲ, ಮನೆಯ ಮೇಜಿನ ಮೇಲೆ.

ಪಣಂಬೂರಿನಿಂದಲೇ ಹತ್ತಬಹುದಾ?

ಹೆಚ್ಚಿನವರ ಮೊದಲ ಪ್ರಶ್ನೆ ಇದುವೇ. ಪಣಂಬೂರಿಗೆ ಬರುವ ದೊಡ್ಡ ವಿದೇಶಿ ಹಡಗುಗಳ ಪ್ರಯಾಣ ಬೇರೆ ದೇಶದ ಬಂದರಿನಲ್ಲಿ ಆರಂಭವಾಗಿ ಇನ್ನೊಂದು ಕಡೆ ಮುಗಿಯುತ್ತದೆ. ಮಂಗಳೂರು ಅವಕ್ಕೆ ಒಂದು ಹಗಲಿನ ನಿಲ್ದಾಣ. ಪ್ರಯಾಣಿಕರು ಇಳಿದು ಕದ್ರಿ ದೇವಸ್ಥಾನ, ಅಲೋಶಿಯಸ್ ಚಾಪೆಲ್, ಮೂಡಬಿದ್ರೆಯ ಸಾವಿರ ಕಂಬದ ಬಸದಿ ನೋಡಿ ಮತ್ತೆ ಹಡಗು ಹತ್ತುತ್ತಾರೆ. ನಾವು ಅಲ್ಲಿಗೆ ಹೋಗಿ ಟಿಕೆಟ್ ಕೇಳುವಂತಿಲ್ಲ.

ನಮ್ಮ ಕಡೆಯವರಿಗೆ ಇರುವ ದಾರಿ ಮುಖ್ಯವಾಗಿ ಮೂರು.

ಒಂದು, ಮುಂಬೈ ಅಥವಾ ಕೊಚ್ಚಿಯಿಂದ ಹೊರಡುವ ದೇಶೀಯ ಕ್ರೂಸ್. ಕಾರ್ಡೇಲಿಯಾ ಕಂಪೆನಿ 2021ರ ಸೆಪ್ಟೆಂಬರ್‌ನಿಂದ 'ಎಂಪ್ರೆಸ್' ಎಂಬ ಹಡಗನ್ನು ಓಡಿಸುತ್ತಿದೆ. ಗೋವಾ, ಲಕ್ಷದ್ವೀಪ, ಕೊಚ್ಚಿ ಕಡೆಗೆ ಎರಡು ರಾತ್ರಿಯಿಂದ ಹಿಡಿದು ಐದು ರಾತ್ರಿಯವರೆಗಿನ ಪ್ರವಾಸಗಳು ಇರುತ್ತವೆ. ಮಳೆಗಾಲದಲ್ಲಿ ಅರಬ್ಬೀ ಸಮುದ್ರ ಒರಟಾಗುವುದರಿಂದ ಹಡಗು ಪೂರ್ವ ಕರಾವಳಿಯ ಚೆನ್ನೈ ಕಡೆಗೆ ಹೋಗುತ್ತದೆ. ಮುಂಬೈಯಲ್ಲಿ ಹೊಸ ಅಂತಾರಾಷ್ಟ್ರೀಯ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಗಿದೆ.

ಎರಡು, ಲಕ್ಷದ್ವೀಪ ಆಡಳಿತದ ಹಡಗು. ಕೊಚ್ಚಿಯಿಂದ 'ಎಂ.ವಿ. ಕವರತ್ತಿ'ಯಲ್ಲಿ 'ಸಮುದ್ರಂ' ಎಂಬ ಐದು ದಿನದ ಪ್ಯಾಕೇಜ್ ಉಂಟು. ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪದಲ್ಲಿ ತಿರುಗಾಟ, ರಾತ್ರಿ ಹಡಗಿನಲ್ಲೇ ನಿದ್ರೆ. ಐಷಾರಾಮ ಕಡಿಮೆ, ದ್ವೀಪ ನೋಡುವುದು ಹೆಚ್ಚು. ಲಕ್ಷದ್ವೀಪ ನಮಗೆ ತೀರಾ ಪರವೂರೂ ಅಲ್ಲ. ಅಮಿನಿ, ಕಡ್ಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರ ರಾಜ್ಯ ಪುನರ್ವಿಂಗಡಣೆಯ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. 2024ರ ಮೇ ತಿಂಗಳಲ್ಲಿ 'ಪರಳಿ' ಎಂಬ ವೇಗದ ಹಡಗು ಸುಮಾರು 160 ಮಂದಿಯನ್ನು ಕರೆದುಕೊಂಡು ಏಳು ಗಂಟೆಯಲ್ಲಿ ಮಂಗಳೂರಿನ ಹಳೆ ಬಂದರಿಗೆ ಬಂದಿತ್ತು. ಆದರೆ ಅದನ್ನೇ ನಂಬಿ ರಜೆ ಹಾಕಬೇಡಿ. ಹಡಗು ಯಾವ ದಿನ ಉಂಟು, ಪ್ರವಾಸಿಗರಿಗೆ ಸೀಟು ಉಂಟಾ ಎಂದು ಮೊದಲು ವಿಚಾರಿಸಿ. ಲಕ್ಷದ್ವೀಪಕ್ಕೆ ಹೊರಗಿನವರು ಹೋಗಲು ಪ್ರವೇಶ ಪರವಾನಗಿ ಬೇಕು. ಪ್ಯಾಕೇಜ್‌ನಲ್ಲಿ ಅದನ್ನು ಯಾರು ಮಾಡಿಸುತ್ತಾರೆ ಎಂದು ಬುಕ್ ಮಾಡುವಾಗಲೇ ಕೇಳಿ.

ಮೂರು, ಸಿಂಗಾಪುರದಂತಹ ಕಡೆಗೆ ವಿಮಾನದಲ್ಲಿ ಹೋಗಿ ಅಲ್ಲಿಂದ ಹಡಗು ಹತ್ತುವುದು. ಇದಕ್ಕೆ ಪಾಸ್‌ಪೋರ್ಟ್, ವೀಸಾ ಎರಡೂ ಬೇಕು.

ಟಿಕೆಟ್‌ನ ಹೆಸರು, ಆಧಾರ್‌ನ ಹೆಸರು ಒಂದೇ ಉಂಟಾ?

ನಮ್ಮ ಊರಿನವರಿಗೆ ದೊಡ್ಡ ತೊಂದರೆ ಆಗುವುದು ಇಲ್ಲಿಯೇ. ನಮ್ಮಲ್ಲಿ ಹೆಸರಿನ ಹಿಂದೆ ಮನೆತನದ ಇನಿಶಿಯಲ್, ಮುಂದೆ ಭಟ್, ರೈ, ಗೌಡ, ನಾಯ್ಕ, ಶೆಟ್ಟಿ ಇರುತ್ತದೆ. ಕೆಲವರಿಗೆ ಸರ್‌ನೇಮ್ ಎಂಬುದೇ ಇಲ್ಲ. ಆಧಾರ್‌ನಲ್ಲಿ 'ಬಿ. ಸುಬ್ಬಣ್ಣ ರೈ', ವೋಟರ್ ಐಡಿಯಲ್ಲಿ 'ಸುಬ್ಬಣ್ಣ ರೈ ಬಿ.', ಪಾಸ್‌ಪೋರ್ಟ್‌ನಲ್ಲಿ ಬರೀ 'ಸುಬ್ಬಣ್ಣ' ಎಂದಿದ್ದರೆ ಊರಿನಲ್ಲಿ ಯಾರೂ ಕೇಳುವುದಿಲ್ಲ, ಮುಖ ನೋಡಿದರೆ ಗೊತ್ತಾಗುತ್ತದೆ. ಬಂದರಿನ ಕೌಂಟರ್‌ನಲ್ಲಿ ಕೂತವರಿಗೆ ಸುಬ್ಬಣ್ಣ ರೈಯವರ ಗುರ್ತ ಇಲ್ಲ. ಅವರು ನೋಡುವುದು ಅಕ್ಷರ ಮಾತ್ರ.

ಹಾಗಾಗಿ ಯಾವ ಗುರುತಿನ ಚೀಟಿ ತೋರಿಸುತ್ತೀರೋ ಅದನ್ನು ಎದುರಿಗೆ ಇಟ್ಟುಕೊಂಡೇ ಟಿಕೆಟ್ ಮಾಡಿಸಿ. ಫೋನಿನಲ್ಲಿ ಹೆಸರು ಹೇಳಿ ಬರೆಸಬೇಡಿ, ಕಾರ್ಡಿನ ಫೋಟೋ ಕಳುಹಿಸಿ. ಟಿಕೆಟ್ ಬಂದ ದಿನವೇ ಹೆಸರು, ಹುಟ್ಟಿದ ತಾರೀಕು ತಾಳೆ ಹಾಕಿ. ಆ ದಿನವಾದರೆ ತಿದ್ದಿಸುವುದು ಸುಲಭ, ಹೊರಡುವ ವಾರದಲ್ಲಿ ಕಷ್ಟ.

ದೇಶದೊಳಗಿನ ಪ್ರವಾಸಕ್ಕೆ ಆಧಾರ್, ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ಇವುಗಳಲ್ಲಿ ಒಂದರ ಅಸಲು ಪ್ರತಿ ಕೈಯಲ್ಲಿರಲಿ. ಪ್ಯಾನ್ ಕಾರ್ಡನ್ನು ಒಪ್ಪದ ಕಂಪೆನಿಗಳಿವೆ. ಮಕ್ಕಳಿಗೂ ದಾಖಲೆ ಬೇಕು. ಐದು ವರ್ಷದೊಳಗೆ ಮಾಡಿಸಿದ ನೀಲಿ ಆಧಾರ್ ಆದರೆ, ಐದು ತುಂಬಿದ ಮೇಲೆ ಬೆರಳಚ್ಚು ಕೊಟ್ಟು ನವೀಕರಿಸಿದ್ದೀರಾ ನೋಡಿ. ಜನನ ಪ್ರಮಾಣಪತ್ರವನ್ನೂ ಜತೆಗೆ ಇಟ್ಟುಕೊಂಡರೆ ಒಳ್ಳೆಯದು.

ವಿದೇಶಕ್ಕಾದರೆ ಪಾಸ್‌ಪೋರ್ಟ್‌ನ ಅವಧಿ ಪ್ರವಾಸ ಮುಗಿದ ಮೇಲೂ ಆರು ತಿಂಗಳು ಉಳಿದಿರಬೇಕು. ಸಿಂಗಾಪುರದಿಂದ ಹಡಗು ಹತ್ತಿ ಮತ್ತೆ ಸಿಂಗಾಪುರಕ್ಕೇ ಬರುವುದಾದರೆ ಆ ದೇಶಕ್ಕೆ ನೀವು ಎರಡು ಬಾರಿ ಪ್ರವೇಶಿಸಿದ ಹಾಗೆ. ಒಂದೇ ಬಾರಿಯ ವೀಸಾ ಇದ್ದರೆ ಸಾಲದು. ಅಲ್ಲಿನ 'ಎಸ್‌ಜಿ ಅರೈವಲ್ ಕಾರ್ಡ್' ಅನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಅದಕ್ಕೆ ಹಣ ಇಲ್ಲ. ಹಣ ಕೇಳುವ ವೆಬ್‌ಸೈಟ್ ಸಿಕ್ಕಿದರೆ ಅದು ಸರಕಾರದ್ದಲ್ಲ ಎಂದು ತಿಳಿಯಿರಿ.

ಆರು ತಿಂಗಳೊಳಗಿನ ಮಗುವನ್ನು, 24 ವಾರ ತುಂಬಿದ ಗರ್ಭಿಣಿಯರನ್ನು ಹೆಚ್ಚಿನ ಕ್ರೂಸ್ ಕಂಪೆನಿಗಳು ಹತ್ತಿಸಿಕೊಳ್ಳುವುದಿಲ್ಲ. ಎಣಿಸಬೇಕಾದ್ದು ಬುಕ್ ಮಾಡುವ ದಿನವನ್ನಲ್ಲ, ಪ್ರಯಾಣದ ದಿನವನ್ನು.

ಜಾಹೀರಾತಿನ ದರ ಪೂರ್ತಿ ದರ ಅಲ್ಲ

ಜಾಹೀರಾತಿನಲ್ಲಿ ಕಾಣುವುದು ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಇಬ್ಬರಿದ್ದರೆ ಒಬ್ಬರಿಗೆ ಬೀಳುವ ಕನಿಷ್ಠ ದರ. ಅದರ ಮೇಲೆ ಬಂದರು ಶುಲ್ಕ, ಸಿಬ್ಬಂದಿಯ ಭಕ್ಷೀಸು, ಜಿಎಸ್‌ಟಿ ಸೇರುತ್ತದೆ. ಬರೀ ಉದಾಹರಣೆಗೆ ಹೇಳುವುದಾದರೆ, ತಲೆಗೆ 20,000 ರೂ. ಎಂದು ನೋಡಿ ನಾಲ್ಕು ಜನಕ್ಕೆ 80,000 ಎಂದು ಲೆಕ್ಕ ಹಾಕಿರುತ್ತೇವೆ. ತಲೆಗೆ 5,000 ಹೆಚ್ಚಾದರೆ ಅದು ಒಂದು ಲಕ್ಷ. ರೈಲು, ಟ್ಯಾಕ್ಸಿ, ಒಂದು ರಾತ್ರಿಯ ಲಾಡ್ಜ್ ಖರ್ಚು ಬೇರೆ. ಒಬ್ಬರೇ ಹೋಗುವುದಾದರೆ ಕೋಣೆಯ ಪೂರ್ತಿ ಬಾಡಿಗೆ ಅಥವಾ ಅದಕ್ಕೆ ಹತ್ತಿರದ ಮೊತ್ತ ಬೀಳಬಹುದು.

ಹಾಗಾಗಿ ಏಜೆಂಟರಲ್ಲಿ ಕೇಳಬೇಕಾದ ಪ್ರಶ್ನೆ "ಟಿಕೆಟ್ ಎಷ್ಟು?" ಎಂದಲ್ಲ, "ಎಲ್ಲ ಸೇರಿ ನಾನು ಕೊಡಬೇಕಾದ ಕೊನೆಯ ಮೊತ್ತ ಎಷ್ಟು, ಬರೆದು ಕೊಡಿ" ಎಂದು. ಮುಖ್ಯ ಊಟದ ಹಾಲ್‌ನ ತಿಂಡಿ, ಊಟ ದರದಲ್ಲಿ ಸೇರಿರುತ್ತದೆ. ವಿಶೇಷ ರೆಸ್ಟೋರೆಂಟ್, ಮದ್ಯ, ಸ್ಪಾ, ವೈಫೈ, ದಡದಲ್ಲಿ ಇಳಿದು ತಿರುಗುವ ಟೂರ್ ಇವಕ್ಕೆ ಸಾಮಾನ್ಯವಾಗಿ ಬೇರೆಯೇ ಹಣ. ವಿದೇಶಿ ಪ್ಯಾಕೇಜ್‌ಗೆ ಟಿಸಿಎಸ್ ಎಂದು ಹಿಡಿದ ಹಣವನ್ನು ಆದಾಯ ತೆರಿಗೆ ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು, ರಶೀದಿ ಬಿಸಾಡಬೇಡಿ.

ರದ್ದು ಮಾಡಿದರೆ ಎಷ್ಟು ಸಿಗುತ್ತದೆ ಎಂಬುದನ್ನೂ ಮೊದಲೇ ಓದಿ. ಪ್ರಯಾಣದ ದಿನ ಹತ್ತಿರವಾದಷ್ಟೂ ಕಡಿತ ಹೆಚ್ಚು, ಕೊನೆಯ ದಿನಗಳಲ್ಲಿ ಏನೂ ಸಿಗದೆಯೂ ಇರಬಹುದು. ಮನೆಯಲ್ಲಿ ಹಿರಿಯರ ಆರೋಗ್ಯ ಅಷ್ಟಕ್ಕಷ್ಟೇ ಎಂದಿದ್ದರೆ ಪ್ರಯಾಣ ವಿಮೆ ದಂಡ ಅಲ್ಲ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಚಿಕಿತ್ಸೆ ಧರ್ಮಕ್ಕಲ್ಲ.

ಏಜೆಂಟರ ಮೂಲಕವಾದರೆ

ಏಜೆಂಟರ ಮೂಲಕ ಹೋಗುವುದರಲ್ಲಿ ತಪ್ಪೇನಿಲ್ಲ, ಹಿರಿಯರಿಗೆ ಅದುವೇ ಅನುಕೂಲ. ಆದರೆ ಹಣ ಸಂಸ್ಥೆಯ ಖಾತೆಗೆ ಹೋಗಲಿ, ಯಾರದೋ ಸ್ವಂತ ಫೋನ್ ನಂಬರಿಗೆ ಬೇಡ. ಬಿಲ್ ಕೇಳಿ. ಹಡಗು ಕಂಪೆನಿಯ ಬುಕಿಂಗ್ ನಂಬರ್ ಪಡೆದು, ಆ ಕಂಪೆನಿಯ ವೆಬ್‌ಸೈಟ್‌ನಲ್ಲಿ ಅಥವಾ ಫೋನಿನಲ್ಲಿ ನಿಮ್ಮ ಹೆಸರು ಉಂಟಾ ಎಂದು ನೀವೇ ವಿಚಾರಿಸಿ. "ಇವತ್ತು ರಾತ್ರಿಯೊಳಗೆ ಕಟ್ಟಿದರೆ ಅರ್ಧ ದರ" ಎಂಬ ವಾಟ್ಸಪ್ ಸಂದೇಶ ಕಂಡರೆ ಒಂದು ದಿನ ಬಿಟ್ಟೇ ಯೋಚಿಸಿ. ಮೋಸ ಆಯಿತೆಂದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ.

ಕಂಪೆನಿಯಿಂದ ಡೀಲರ್ ಟೂರ್ ಸಿಗುವ ಅಂಗಡಿಯವರಿಗೆ ಇನ್ನೊಂದು ಮಾತು. ವ್ಯಾಪಾರದ ಲೆಕ್ಕದಲ್ಲಿ ವರ್ಷಕ್ಕೆ 20,000 ರೂ. ಮೀರಿದ ಇಂತಹ ಸವಲತ್ತಿಗೆ 10 ಶೇಕಡಾ ಟಿಡಿಎಸ್ ಹಿಡಿಯಬೇಕೆಂಬ ನಿಯಮ 2022ರ ಜುಲೈ 1ರಿಂದ ಜಾರಿಗೆ ಬಂದಿದೆ. ಟೂರ್ 'ಫ್ರೀ' ಆದರೂ ಅದರ ಬೆಲೆ ನಿಮ್ಮ ಆದಾಯದ ಲೆಕ್ಕಕ್ಕೆ ಬರುತ್ತದೆ. ಹೊರಡುವ ಮೊದಲು ಲೆಕ್ಕ ಪರಿಶೋಧಕರಲ್ಲಿ ಒಮ್ಮೆ ಮಾತಾಡಿ.

ಯಾವ ಕೋಣೆ ಒಳ್ಳೆಯದು?

ಕಿಟಕಿ ಇಲ್ಲದ ಒಳಗಿನ ಕೋಣೆ ಅಗ್ಗ. ಕಿಟಕಿ ಇರುವುದು, ಬಾಲ್ಕನಿ ಇರುವುದು, ಸೂಟ್ ಹೀಗೆ ದರ ಏರುತ್ತದೆ. ಎರಡು ರಾತ್ರಿಯ ಪ್ರವಾಸದಲ್ಲಿ ಕೋಣೆಯೊಳಗೆ ಇರುವುದು ಮಲಗುವ ಹೊತ್ತಿಗೆ ಮಾತ್ರ, ಹಾಗಾಗಿ ಒಳಗಿನ ಕೋಣೆ ಸಾಕು ಎನ್ನುವವರಿದ್ದಾರೆ. ವಯಸ್ಸಾದವರಿಗೆ, ಕತ್ತಲೆ ಕೋಣೆಯಲ್ಲಿ ಉಸಿರು ಕಟ್ಟಿದ ಹಾಗೆ ಆಗುವವರಿಗೆ ಕಿಟಕಿ ಇರಲಿ. ಬಸ್ಸಿನಲ್ಲಿ ವಾಂತಿ ಮಾಡುವವರು ಕೆಳಗಿನ ಡೆಕ್‌ನ, ಹಡಗಿನ ನಡುಭಾಗದ ಕೋಣೆ ಕೇಳಬೇಕು. ತುದಿಗಿಂತ ನಡುವೆ ಅಲುಗಾಟ ಕಡಿಮೆ. ಸೊಂಟ, ಕಾಲು ನೋವಿನವರಿಗೆ ಲಿಫ್ಟ್ ಹತ್ತಿರ ಇರಲಿ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರು 'ಜೈನ್ ಊಟ' ಬೇಕೆಂದು ಬುಕ್ ಮಾಡುವಾಗಲೇ ಬರೆಸಿ.

ಒಂದು ದಿನ ಮೊದಲೇ ಹೊರಡಿ

ಹೆಚ್ಚಿನ ಕಂಪೆನಿಗಳಲ್ಲಿ ವೆಬ್ ಚೆಕ್‌ಇನ್ ಮೊದಲೇ ಮಾಡಬೇಕು. ಅದರಲ್ಲಿ ಬಂದರಿಗೆ ಬರಬೇಕಾದ ಹೊತ್ತು ನಮೂದಾಗಿರುತ್ತದೆ. ಹಡಗು ಸಂಜೆ 5ಕ್ಕೆ ಹೊರಡುತ್ತದೆಂದರೆ 5ಕ್ಕೆ ಹತ್ತಬಹುದು ಎಂದರ್ಥವಲ್ಲ. ಗೇಟು ಅದಕ್ಕಿಂತ ಸಾಕಷ್ಟು ಮೊದಲೇ ಮುಚ್ಚುತ್ತದೆ.

ಮುಂಬೈಗೆ ಮಂಗಳೂರಿನಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹಿಡಿದರೆ ಮರುದಿನ ಬೆಳಗ್ಗೆ ಕುರ್ಲಾ ತಲುಪುತ್ತದೆ. ಕ್ರೂಸ್ ಟರ್ಮಿನಲ್ ಇರುವುದು ದಕ್ಷಿಣ ಮುಂಬೈಯ ಬಲ್ಲಾರ್ಡ್ ಕಡೆ. ನಡುವೆ ಪೇಟೆಯ ಟ್ರಾಫಿಕ್ ಇದೆ. ಕೊಂಕಣ ದಾರಿಯಲ್ಲಿ ಮಳೆಗಾಲದ ವೇಳಾಪಟ್ಟಿ ಅಕ್ಟೋಬರ್‌ವರೆಗೂ ಇರುತ್ತದೆ, ದಸರಾ ರಜೆಗೆ ಹೋಗುವವರು ಇದನ್ನು ಮರೆಯುವುದುಂಟು. ಕೊಚ್ಚಿಗೆ ಕಾಸರಗೋಡಿನಿಂದಲೇ ರೈಲು ಹಿಡಿಯಬಹುದು, ಬೆಟ್ಟಂಪಾಡಿ, ಪಾಣಾಜೆಯವರಿಗೆ ಗಡಿ ದಾಟಿದರೆ ಅದೇನೂ ದೂರವಲ್ಲ. ಯಾವ ದಾರಿಯಾದರೂ ಹಿಂದಿನ ದಿನವೇ ತಲುಪಿ ಲಾಡ್ಜ್‌ನಲ್ಲಿ ಉಳಿಯಿರಿ. ಅದೊಂದು ರಾತ್ರಿಯ ಬಾಡಿಗೆ ಉಳಿಸಲು ಹೋಗಿ ಪೂರ್ತಿ ಪ್ರವಾಸದ ಹಣ ಕಳೆದುಕೊಳ್ಳುವುದು ಬೇಡ.

ಕೈಚೀಲದಲ್ಲಿ ಏನಿರಬೇಕು?

ಬಂದರಿನಲ್ಲಿ ದೊಡ್ಡ ಬ್ಯಾಗನ್ನು ಚೀಟಿ ಅಂಟಿಸಿ ತೆಗೆದುಕೊಳ್ಳುತ್ತಾರೆ. ಅದು ಕೋಣೆಗೆ ತಲುಪುವಾಗ ಕೆಲವು ಗಂಟೆ ಆಗಬಹುದು. ಆದ್ದರಿಂದ ಬಿ.ಪಿ., ಶುಗರಿನ ಮಾತ್ರೆ, ಇನ್ಸುಲಿನ್, ಕನ್ನಡಕ, ದಾಖಲೆ, ಚಾರ್ಜರ್, ಮಗುವಿನ ಒಂದು ಜತೆ ಬಟ್ಟೆ ಕೈಚೀಲದಲ್ಲೇ ಇರಲಿ. ಮಾತ್ರೆಯ ಜತೆ ಡಾಕ್ಟರ ಚೀಟಿಯೂ ಬೇಕು. ವಾಂತಿಯ ಮಾತ್ರೆ ಯಾವುದೆಂದು ನಿಮ್ಮ ಡಾಕ್ಟರಲ್ಲೇ ಕೇಳಿ.

ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಚೂರಿ ಕತ್ತರಿ, ಹೊರಗಿನ ಮದ್ಯ ಒಯ್ಯಲು ಬಿಡುವುದಿಲ್ಲ. ಎಲೆಯಡಿಕೆ ಹಾಕುವ ಹಿರಿಯರು ಅಡಿಕೆ ಕತ್ತರಿಯನ್ನು ಮನೆಯಲ್ಲೇ ಬಿಡಬೇಕು. ಸಿಂಗಾಪುರಕ್ಕೆ ಹೋಗುವವರು ಹೊಗೆಸೊಪ್ಪನ್ನು ಮುಟ್ಟಲೇಬೇಡಿ, ಜಗಿಯುವ ತಂಬಾಕು ಆ ದೇಶದಲ್ಲಿ ನಿಷಿದ್ಧ.

ಹತ್ತಿದ ಮೇಲೆ

ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಸುರಕ್ಷತಾ ಕವಾಯತು ನಡೆಯುತ್ತದೆ. ಏಳು ಸಣ್ಣ ಸೈರನ್, ಒಂದು ದೀರ್ಘ ಸೈರನ್ ಕೇಳಿದರೆ ಅದು ತುರ್ತು ಸೂಚನೆ. ಫೋಟೋ ತೆಗೆಯುವ ಗಡಿಬಿಡಿಯಲ್ಲಿ ಇದನ್ನು ತಪ್ಪಿಸಬೇಡಿ. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ 'ಕೋಸ್ಟಾ ಕಾನ್‌ಕಾರ್ಡಿಯಾ' ಹಡಗು ಬಂಡೆಗೆ ತಾಗಿ 32 ಮಂದಿ ತೀರಿಹೋದರು. ಆ ದಿನವೇ ಹತ್ತಿದ್ದ ನೂರಾರು ಜನರಿಗೆ ಕವಾಯತು ಇನ್ನೂ ಆಗಿರಲಿಲ್ಲ. ನಿಯಮ ಬಿಗಿಯಾದದ್ದು ಆ ನಂತರ. ನಿಮ್ಮ ಲೈಫ್ ಜಾಕೆಟ್ ಎಲ್ಲಿದೆ, ಸೇರಬೇಕಾದ ಜಾಗ ಯಾವುದು ಎಂದು ಮನೆಯವರೆಲ್ಲ ಒಟ್ಟಿಗೆ ಹೋಗಿ ನೋಡಿಕೊಳ್ಳಿ.

ದಡ ಬಿಟ್ಟ ಮೇಲೆ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಹಡಗಿನ ಉಪಗ್ರಹ ನೆಟ್‌ವರ್ಕ್‌ಗೆ ಫೋನ್ ತಾನಾಗಿಯೇ ಸೇರಿಕೊಂಡರೆ ಬಿಲ್ ಸಾವಿರ ಸಾವಿರ ಬರಬಹುದು. ಹಡಗಿನೊಳಗಿನ ಖರ್ಚಿಗೆ ಅವರು ಕೊಡುವ ಕಾರ್ಡನ್ನೇ ಉಜ್ಜುವುದು. ಕಾರ್ಡ್ ಮಕ್ಕಳ ಕೈಯಲ್ಲಿದ್ದರೆ ಐಸ್‌ಕ್ರೀಂ, ಆಟದ ಲೆಕ್ಕ ಏರುವುದು ಗೊತ್ತಾಗುವುದಿಲ್ಲ. ದಿನಕ್ಕೊಮ್ಮೆ ಕೌಂಟರ್‌ನಲ್ಲಿ ಲೆಕ್ಕ ಕೇಳಿ.

ಸಮುದ್ರ ಒರಟಾದರೆ ಕ್ಯಾಪ್ಟನ್ ಒಂದು ನಿಲ್ದಾಣವನ್ನು ಬಿಟ್ಟು ಹೋಗಬಹುದು. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದೂರ ನಿಂತು ಸಣ್ಣ ಬೋಟಿನಲ್ಲಿ ಇಳಿಸುವುದರಿಂದ ಇದು ಹೆಚ್ಚು. ಟಿಕೆಟ್‌ನ ಷರತ್ತಿನಲ್ಲೇ ಇದು ಬರೆದಿರುತ್ತದೆ. ದಡಕ್ಕೆ ಇಳಿದಾಗ ವಾಪಸ್ ಬರುವ ಗಂಟೆಯನ್ನು ಹಡಗಿನ ಗಡಿಯಾರದ ಪ್ರಕಾರ ನೋಡಿ. ಅಲ್ಲೂ ಹಡಗು ಯಾರಿಗೂ ಕಾಯುವುದಿಲ್ಲ.

ತೋಟದ ಕೆಲಸ, ಅಂಗಡಿ ವ್ಯಾಪಾರ ಬಿಟ್ಟು ನಾಲ್ಕು ದಿನ ಹೊರಡುವುದೇ ನಮ್ಮಲ್ಲಿ ದೊಡ್ಡ ಸಂಗತಿ. ಮದ್ದು ಬಿಡುವ ಗಡಿಬಿಡಿ ಮುಗಿದು, ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು ಹೋಗುವವರು ಎರಡು ತಿಂಗಳ ಮೊದಲೇ ಒಂದು ಸಂಜೆ ಕುಳಿತು ಮೂರು ಕೆಲಸ ಮಾಡಿದರೆ ಸಾಕು: ಎಲ್ಲರ ಕಾರ್ಡಿನ ಹೆಸರು ತಾಳೆ ನೋಡುವುದು, ಕೊನೆಯ ಮೊತ್ತವನ್ನು ಬರೆಸಿಕೊಳ್ಳುವುದು, ಹಿಂದಿನ ದಿನ ತಲುಪುವ ರೈಲಿಗೆ ಟಿಕೆಟ್ ಮಾಡುವುದು. ಇಷ್ಟಾದರೆ ಉಳಿದದ್ದು ಸಮುದ್ರ ನೋಡುವ ಕೆಲಸ ಮಾತ್ರ.