ಪಾತ್ರದ ಲೆಕ್ಕ ಯಾರ ಕೈಯಲ್ಲಿ?

ಬಂಗಾರಪೇಟೆಯಿಂದ ಹೊರಟ ರೈಲು ಕೋರಮಂಡಲ, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ನಿಲ್ಲುತ್ತದೆ. ಅದರ ಓಟ ಅಲ್ಲಿಗೇ ಮುಗಿಯುತ್ತದೆ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ (ಕೆಜಿಎಫ್) ಮುಚ್ಚಿದ ಮೇಲೆ ಈ ಸೀಮೆಯ ಎಷ್ಟೋ ಮನೆಗಳವರು ಕೆಲಸಕ್ಕೆಂದು ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುತ್ತಾರೆ. ಅಂಥ ನಾಲ್ಕೈದು ಗೆಳೆಯರು ಭಾನುವಾರ ಸಂಜೆ ಮೇಜಿನ ಸುತ್ತ ಕೂತು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ಶುರುಮಾಡಿದರು ಎಂದುಕೊಳ್ಳೋಣ. ಮೂರನೇ ವಾರದ ಹೊತ್ತಿಗೆ ಜಗಳ ಖಂಡಿತ: ಹೋದ ವಾರದ ಹಾಳೆ ಎಲ್ಲಿ? ಬತ್ತಳಿಕೆಯಲ್ಲಿ ಉಳಿದ ಬಾಣ ಎಷ್ಟು? ಆ ನೂರು ಚಿನ್ನದ ನಾಣ್ಯ ಯಾರ ಲೆಕ್ಕಕ್ಕೆ ಹೋಯಿತು?

ಆಟದ ಪರಿಚಯ ಇಲ್ಲದವರಿಗೆ ಒಂದು ಮಾತು. ಇಲ್ಲಿ ಒಬ್ಬರು ಕಥೆ ನಡೆಸುವವರು. ಅವರನ್ನು ಗೇಮ್ ಮಾಸ್ಟರ್ ಎನ್ನುತ್ತಾರೆ. ಉಳಿದವರು ತಲಾ ಒಂದು ಪಾತ್ರವಾಗಿ ಮಾತಾಡುತ್ತಾರೆ. ವೇಷ ಕಟ್ಟದೆ, ಕೂತಲ್ಲೇ, ಆಶುವಾಗಿ ವಾದಕ್ಕಿಳಿಯುವ ತಾಳಮದ್ದಳೆಯ ಅರ್ಥಧಾರಿಗಳನ್ನು ಕಂಡವರಿಗೆ ಅರ್ಧ ಆಟ ಆಗಲೇ ಗೊತ್ತು. ಆದರೆ ಅಲ್ಲಿ ಕರ್ಣ ಎಷ್ಟೇ ಚೆನ್ನಾಗಿ ವಾದಿಸಿದರೂ ಪ್ರಸಂಗ ಅವನನ್ನು ಉಳಿಸುವುದಿಲ್ಲ. ಇಲ್ಲಿ ಅವನು ಉಳಿಯುತ್ತಾನೋ ಇಲ್ಲವೋ ಎಂಬುದನ್ನು ದಾಳ ಹೇಳಬೇಕು. ದಾಳ ಬಿದ್ದಾಗ ಅದನ್ನು ಯಾವ ಅಂಕಿಗೆ ಹೋಲಿಸಬೇಕು ಎಂಬುದು ಮೊದಲೇ ಬರೆದಿಟ್ಟಿರಬೇಕು. ಆ ಬರಹವೇ ಕ್ಯಾರೆಕ್ಟರ್ ಶೀಟ್.

ಅದರ ಇತಿಹಾಸಕ್ಕೆ ಐವತ್ತು ವರ್ಷ ದಾಟಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟಿಸಿದಾಗ ಪೆಟ್ಟಿಗೆಯಲ್ಲಿದ್ದದ್ದು ಮೂರು ಸಣ್ಣ ಪುಸ್ತಿಕೆಗಳು. ಮೊದಲನೆಯದರಲ್ಲಿ ಮಾದರಿಗೆಂದು ಜೈಲಾರ್ಥೆನ್ ಎಂಬ ಮಾಂತ್ರಿಕನ ದಾಖಲೆ ಕೊಟ್ಟಿದ್ದರು. ಮೂರು ದಾಳ ಎಸೆದು ಕೂಡಿದಾಗ ಅವನಿಗೆ ಬಂದ ಬಲ ಬರೀ 6, ಬುದ್ಧಿ 11, ವಿವೇಕ 13. ಈ ಅಂಕಿಗಳಿಗೆ ಪುರೋಹಿತನಾಗುವುದೇ ಲಾಭ. ಆದರೆ ಆಟಗಾರನಿಗೆ ಮಂತ್ರವಿದ್ಯೆ ಇಷ್ಟ, ಹಾಗಾಗಿ ಮಾಂತ್ರಿಕನಾದ ಎಂದು ಪುಸ್ತಿಕೆಯೇ ವಿವರಿಸುತ್ತದೆ. ಅಂಕಿ ಒಂದು ಕಡೆ ಎಳೆದರೂ ಮನಸ್ಸು ಇನ್ನೊಂದು ಕಡೆ ಹೋಗಬಹುದು ಎಂಬ ಸ್ವಾತಂತ್ರ್ಯ ಮೊದಲ ಹಾಳೆಯಲ್ಲೇ ಇತ್ತು. 1977ರ ‘ಟ್ರಾವೆಲರ್’ ಆಟ ಇನ್ನೂ ಖಡಕ್. ಅಲ್ಲಿ ಪಾತ್ರದ ಪೂರ್ವಚರಿತ್ರೆಯನ್ನೂ ದಾಳವೇ ಬರೆಯುತ್ತಿತ್ತು. ದಾಳ ಕೆಟ್ಟರೆ ಆಟ ಶುರುವಾಗುವ ಮುಂಚೆಯೇ ಪಾತ್ರ ತೀರಿಹೋಗುತ್ತಿತ್ತು!

ಹಾಳೆಯಲ್ಲಿ ಎರಡು ಬಗೆಯ ವಿವರಗಳಿರುತ್ತವೆ. ಹೆಸರು, ಕಸುಬು, ಮೂಲ ಗುಣಗಳು ಅಪರೂಪಕ್ಕೆ ಬದಲಾಗುತ್ತವೆ. ಪ್ರಾಣಾಂಕ, ಹಣ, ಬಾಣ, ಬುತ್ತಿ, ಗಳಿಸಿದ ಅನುಭವ ಇವು ಗಳಿಗೆಗೊಮ್ಮೆ ಏರಿಳಿಯುತ್ತವೆ. ತೊಂದರೆ ಬರುವುದು ಈ ಎರಡನೆಯದರಲ್ಲಿ. ಬಂದ ಹಣವನ್ನು ಬರೆದುಕೊಳ್ಳಲು ಯಾರೂ ಮರೆಯುವುದಿಲ್ಲ. ಖರ್ಚಾದ ಬಾಣವನ್ನು ಕಳೆಯಲು ಎಲ್ಲರೂ ಮರೆಯುತ್ತಾರೆ. ಗೈಗ್ಯಾಕ್ಸ್‌ಗೆ ಇದು ಚೆನ್ನಾಗಿ ಗೊತ್ತಿದ್ದಿರಬೇಕು. 1979ರ ಗೇಮ್ ಮಾಸ್ಟರ್ ಕೈಪಿಡಿಯಲ್ಲಿ ಕಥೆಯೊಳಗಿನ ಕಾಲದ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡಲೇಬೇಕೆಂದು ದೊಡ್ಡಕ್ಷರಗಳಲ್ಲೇ ಅಚ್ಚು ಹಾಕಿಸಿದ್ದಾರೆ. ಒಂದು ಪಾತ್ರ ಗಾಯ ಮಾಯಲು ಮಲಗಿದ್ದಾಗ ಇನ್ನೊಂದು ಪಾತ್ರ ಅದೇ ವಾರ ಬೇರೆ ಊರಿಗೆ ಹೋಗಿಬಂದಿದ್ದರೆ, ತಾರೀಖು ಬರೆದಿಡದವರ ಪಾಡು ಊಹಿಸಿಕೊಳ್ಳಿ.

ಈ ಲೆಕ್ಕದ ಒಳಗುಟ್ಟು ಕಾಣಬೇಕಾದರೆ ಕೆಜಿಎಫ್‌ನಲ್ಲೇ ಒಂದು ಆಟ ಹೂಡಿ ನೋಡಬಹುದು. ಸ್ಯಾಂಡಿ ಪೀಟರ್ಸನ್ ರೂಪಿಸಿದ, 1981ರಲ್ಲಿ ಕೇಯಾಸಿಯಂ ಪ್ರಕಟಿಸಿದ ‘ಕಾಲ್ ಆಫ್ ಕ್ಥುಲು’ ಇದಕ್ಕೆ ಹೇಳಿಮಾಡಿಸಿದ ಆಟ. ಅದರ ಕಥೆಗಳು ಹೆಚ್ಚಾಗಿ 1920ರ ದಶಕದವು. ಪಾತ್ರಗಳು ವೀರರಲ್ಲ, ಡಾಕ್ಟರು, ಪತ್ರಕರ್ತರಂಥ ಸಾಮಾನ್ಯ ಜನ. ಆ ಹೊತ್ತಿಗೆ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿ ಕೋಲಾರದ ಗಣಿಗಳು ಜಗತ್ತಿನಲ್ಲೇ ಅತಿ ಆಳದವುಗಳ ಸಾಲಿಗೆ ಸೇರಿದ್ದವು. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದಿತ್ತು. ಆಳಕ್ಕೆ ಇಳಿದಷ್ಟೂ ಸೆಕೆ, ಒತ್ತಡಕ್ಕೆ ಬಂಡೆ ತಾನಾಗಿ ಸಿಡಿಯುವ ಭಯ. ಕಥೆಗೆ ಇನ್ನೇನು ಬೇಕು?

ಚಾಂಪಿಯನ್ ರೀಫ್ ಗಣಿಯಲ್ಲಿ ಮರದ ಆನಿಕೆ ಕೊಡುವ ಕೆಲಸಗಾರ ಮುನಿಸ್ವಾಮಿ ಎಂಬ ಪಾತ್ರ ಕಟ್ಟೋಣ. ಸದ್ದು ಆಲಿಸುವ ಶಕ್ತಿ 55, ಹತ್ತಿಳಿಯುವುದು 60, ಪ್ರಥಮ ಚಿಕಿತ್ಸೆ 30. ಎಲ್ಲವೂ ನೂರಕ್ಕೆ. ಬಂಡೆ ಬಿರಿಯುವ ಸದ್ದು ಅವನಿಗೆ ಕೇಳಿತೇ ಎಂದು ತಿಳಿಯಲು ಹತ್ತು ಮುಖದ ಎರಡು ದಾಳ ಎಸೆಯಬೇಕು. 55 ಅಥವಾ ಕಡಿಮೆ ಬಿದ್ದರೆ ಕೇಳಿತು. ಕೇಳಿದರೆ ಆ ಕೌಶಲದ ಪಕ್ಕದ ಚೌಕದಲ್ಲಿ ಪೆನ್ಸಿಲಿನಿಂದ ಒಂದು ಗುರುತು. ಕಥೆಯ ಒಂದು ಘಟ್ಟ ಮುಗಿದ ಮೇಲೆ ಗುರುತು ಹಾಕಿದ ಕೌಶಲಗಳಿಗೆಲ್ಲ ಮತ್ತೆ ದಾಳ. ಆಲಿಸುವ ಶಕ್ತಿಗೆ ಈ ಸಲ 55ಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಅಂಕ ಏರುತ್ತದೆ. ಕಡಿಮೆ ಬಲ್ಲವನು ಬೇಗ ಕಲಿಯುತ್ತಾನೆ, ಪಳಗಿದವನಿಗೆ ಕಲಿಕೆ ನಿಧಾನ. ಇಷ್ಟು ಸೊಗಸಾದ ಲೆಕ್ಕ ನಿಂತಿರುವುದು ಆ ಸಣ್ಣ ಪೆನ್ಸಿಲ್ ಗುರುತಿನ ಮೇಲೆ. ಅದನ್ನು ಹಾಕಲು ಮರೆತರೆ ಮುನಿಸ್ವಾಮಿಯ ಒಂದು ತಿಂಗಳ ಅನುಭವ ನೀರುಪಾಲು.

ದಾಖಲೆ ಯಾರದ್ದು ಎಂಬ ಪ್ರಶ್ನೆ ಕೆಜಿಎಫ್‌ಗೆ ಹೊಸತೂ ಅಲ್ಲ, ಆಟದ ಮಾತೂ ಅಲ್ಲ. 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ವ್ಯವಸ್ಥೆ ತರಲು ಹೊರಟಾಗ ಗಣಿಗಳ ಸಾವಿರಾರು ಮಂದಿ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದ್ದರು. ತಮ್ಮ ಬಗ್ಗೆ ಬರೆದದ್ದು ತಮ್ಮ ಕೈಗೆ ಸಿಗದಿದ್ದರೆ ಯಾರಿಗಾದರೂ ಅಳುಕು ಸಹಜ. ಹೊಟ್ಟೆಪಾಡಿನ ಆ ಹೋರಾಟವನ್ನು ಭಾನುವಾರದ ಆಟದ ಜೊತೆ ತೂಗುವಂತಿಲ್ಲ. ಆದರೂ 1930ರ ಕೆಜಿಎಫ್‌ನಲ್ಲಿ ಕಥೆ ಹೂಡುವ ಗೇಮ್ ಮಾಸ್ಟರ್‌ಗೆ ಈ ಸಂಗತಿ ಗೊತ್ತಿರಲೇಬೇಕು.

ಆಟದ ಮೇಜಿನಲ್ಲಿ ಹಾಳೆ ಆಟಗಾರನದ್ದು. ಅವನೇ ಬರೆಯಬೇಕು, ಅವನೇ ತಿದ್ದಬೇಕು. ಆದರೆ ಪ್ರತಿಸಲ ಆಟ ಮುಗಿದಾಗ ಪ್ರತಿ ಹಾಳೆಯ ಫೋಟೊ ಗೇಮ್ ಮಾಸ್ಟರ್ ಬಳಿಯೂ ಇರುವುದು ಒಳ್ಳೆಯದು. ಸಂಜೆಯ ರೈಲು ತಡವಾಗಿ ಒಬ್ಬ ಬಾರದಿದ್ದರೆ ಅವನ ಪಾತ್ರವನ್ನು ಇನ್ನೊಬ್ಬ ನಡೆಸಬಹುದು. ಗೇಮ್ ಮಾಸ್ಟರ್ ತನ್ನ ಕಡೆ ಒಂದು ಚಿಕ್ಕ ಪಟ್ಟಿಯನ್ನೂ ಇಟ್ಟುಕೊಳ್ಳಬೇಕು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಈಗಿನ ನಿಯಮಗಳಲ್ಲಿ ಪ್ರತಿ ಪಾತ್ರಕ್ಕೂ ದಾಳ ಎಸೆಯದೆಯೇ ಸುತ್ತಲಿನದು ಎಷ್ಟು ಗಮನಕ್ಕೆ ಬರುತ್ತದೆ ಎಂಬ ಒಂದು ಅಂಕಿ ಇದೆ. ಅದನ್ನು ಮೊದಲೇ ಬರೆದಿಟ್ಟುಕೊಂಡರೆ ಬಾಗಿಲ ಹಿಂದೆ ಅಡಗಿದವನು ಯಾರಿಗೆ ಕಂಡ ಎಂದು ಗುಟ್ಟಾಗಿ ತೀರ್ಮಾನಿಸಬಹುದು. ಎಲ್ಲರೆದುರು ಕೇಳಿದರೆ, ಅಲ್ಲೇನೋ ಇದೆ ಎಂದು ಕೇಳಿದ ಮಾತೇ ಹೇಳಿಬಿಡುತ್ತದೆ.

ಪಾತ್ರವೊಂದು ಮೇಜಿನಿಂದ ಮೇಜಿಗೆ ಹೋಗುವಾಗ ಕಷ್ಟ ಇನ್ನೊಂದು ಬಗೆಯದು. 2000ದಿಂದ 2008ರವರೆಗೆ ನಡೆದ ‘ಲಿವಿಂಗ್ ಗ್ರೇಹಾಕ್’ ಎಂಬ ಬೃಹತ್ ಆಟದಲ್ಲಿ ನಾನಾ ದೇಶಗಳ ಜನ ಒಂದೇ ಕಥಾಲೋಕದಲ್ಲಿ ಆಡುತ್ತಿದ್ದರು. ಮುಖ ನೋಡದವರ ಜೊತೆ ಆಡುವಾಗ ‘ನನ್ನ ಹತ್ತಿರ ಮಂತ್ರದ ಕತ್ತಿ ಇದೆ’ ಎಂದರೆ ನಂಬುವವರು ಯಾರು? ಅದಕ್ಕೇ ಪ್ರತಿ ಸಾಹಸದ ಕೊನೆಗೆ ಗಳಿಸಿದ ಹಣ, ಅನುಭವ, ವಸ್ತುಗಳ ಪಟ್ಟಿಗೆ ಗೇಮ್ ಮಾಸ್ಟರ್ ಸಹಿ ಹಾಕಿ ಕೊಡುತ್ತಿದ್ದರು. ಹಳೆಯ ಆಟಗಾರರ ಬಳಿ ಅಂಥ ಹಾಳೆಗಳ ದಪ್ಪ ಫೈಲುಗಳೇ ಇದ್ದವು. ಕಲ್ಪನೆಯ ಲೋಕದಲ್ಲೂ ಸರ್ಕಾರಿ ಕಚೇರಿ ತಪ್ಪಲಿಲ್ಲ ಎಂದು ನಗಬಹುದು, ಆದರೆ ಬೇರೆ ದಾರಿಯೂ ಇರಲಿಲ್ಲ.

2012ರಲ್ಲಿ ರೋಲ್20, 2017ರಲ್ಲಿ ಡಿ ಅಂಡ್ ಡಿ ಬಿಯಾಂಡ್ ಎಂಬ ಆನ್‌ಲೈನ್ ತಾಣಗಳು ಬಂದ ಮೇಲೆ ಕೂಡುವ ಕಳೆಯುವ ಕೆಲಸವನ್ನು ಕಂಪ್ಯೂಟರೇ ಮಾಡುತ್ತದೆ. ಮಾಂತ್ರಿಕನ ಮಟ್ಟ ಏರಿದಾಗ ಬದಲಾಗುವ ಹತ್ತಾರು ಅಂಕಿಗಳನ್ನು ತಾನೇ ತಿದ್ದುತ್ತದೆ. ದೂರದ ಊರುಗಳಲ್ಲಿರುವ ಗೆಳೆಯರಿಗೆ ಇದೇ ಸರಿ. ಹೊಸಬರಿಗೆ ಮಾತ್ರ ಮೊದಲ ಪಾತ್ರವನ್ನು ಕಾಗದದ ಮೇಲೆ ಬರೆಸುವುದೇ ಲೇಸು. ಅಂಕಿ ಎಲ್ಲಿಂದ ಬಂತು ಎಂದು ಗೊತ್ತಾಗುವುದು ತಾವೇ ಕೂಡಿದಾಗ. ಆ್ಯಪ್ ಕೊಟ್ಟ ಮೊತ್ತವನ್ನು ಯಾರೂ ಪ್ರಶ್ನಿಸುವುದಿಲ್ಲ.

ಕನ್ನಡದಲ್ಲಿ ಇಂಥ ಹಾಳೆ ಮಾಡಲು ಈಗ ಕಾನೂನಿನ ತೊಡಕೂ ಇಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ ಮೂಲ ನಿಯಮಗಳ ಸಂಗ್ರಹವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಗಿದೆ. ಮೂಲದ ಹೆಸರು ನಮೂದಿಸಿದರೆ ಸಾಕು, ಆ ನಿಯಮಗಳನ್ನು ಯಾರು ಬೇಕಾದರೂ ಕನ್ನಡಿಸಬಹುದು, ಅಚ್ಚು ಹಾಕಿಸಬಹುದು, ಮಾರಲೂಬಹುದು.