ಜಾಲಿ ಕೀಳೋಣ, ಬನ್ನಿ ಉಳಿಸೋಣ

ಮಕ್ಕಳೇ, ನೇಮಕಲ್ಲಿನ ಸುತ್ತ ಬೀಳುನೆಲ, ಹಳ್ಳದ ದಂಡೆ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ ಅಲ್ವಾ? ತೆಲುಗಿನವರು ಸರ್ಕಾರು ತುಮ್ಮ ಅಂತಾರೆ. ಹೆಸರಲ್ಲಿ ಬಳ್ಳಾರಿ ಇದ್ದರೂ ಅದರ ತವರು ಅಮೆರಿಕ ಖಂಡ. 1877ರಲ್ಲಿ ಜಮೈಕಾದ ಬೀಜ ತರಿಸಿ ಪಕ್ಕದ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಬೆಳೆಸಿದರು. ಸಿಹಿಕಾಯಿ ತಿಂದ ದನ-ಕುರಿಗಳ ಸಗಣಿ, ಹಿಕ್ಕೆಯಲ್ಲೇ ಬೀಜ ಊರೂರು ತಿರುಗಿತು. ಪೊದೆ ದಟ್ಟವಾದ ಕಡೆ ಹುಲ್ಲು ಏಳೋದಿಲ್ಲ. ಕುರಿ ಕಾಯುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಶ್ರಮದಾನಕ್ಕೆ ಹೋಗಿ ಬರೀ ಕಡಿದು ಬಂದರೆ ದಂಡ, ಕಡಿದಷ್ಟೂ ಚಿಗುರುತ್ತೆ. ಚಿಗುರುವ ಮೊಗ್ಗುಗಳು ನೆಲದೊಳಗೆ, ಬೇರಿನ ತಲೆಯಲ್ಲಿರುತ್ತವೆ. ಆದ್ದರಿಂದ ಮಳೆ ಬಿದ್ದ ಮೇಲೆ ಒಂದು ಅಡಿಯಾದರೂ ಅಗೆದು ಬೇರು ತೆಗೀಬೇಕು. ನೀವು ಎಳೆ ಸಸಿ ಕೀಳಿ, ದೊಡ್ಡ ಗಿಡ ದೊಡ್ಡವರಿಗೆ ಬಿಡಿ. ಮುಳ್ಳು ಚಪ್ಪಲಿಯನ್ನೂ ತೂರುತ್ತೆ, ಹುಷಾರು.

ಅವಸರದಲ್ಲಿ ನಮ್ಮ ಗಿಡಗಳನ್ನೇ ಕಿತ್ತೀರಿ! ಕರಿಜಾಲಿ ಹೂವು ಹಳದಿ ಗುಂಡು. ಬಳ್ಳಾರಿ ಜಾಲಿಯದು ಉದ್ದನೆ ತೆನೆ. ದಸರೆಯ ಬನ್ನಿ ಬಳ್ಳಾರಿ ಜಾಲಿಯ ನೆಂಟನೇ, ಹೂವೂ ತೆನೆಯೇ. ಅಲ್ಲಿ ಮುಳ್ಳು ನೋಡಿ: ಜಾಲಿಯಲ್ಲಿ ಎಲೆಯ ಬುಡದಲ್ಲಿ ಉದ್ದ ಮುಳ್ಳು, ಬನ್ನಿಯಲ್ಲಿ ಗೆಣ್ಣುಗಳ ನಡುವೆ ಚಿಕ್ಕ ಮುಳ್ಳು.

ಇನ್ನೊಂದು ಮಾತು. ಜಾಲಿ ಸೌದೆ, ಇದ್ದಿಲನ್ನೇ ನಂಬಿದ ಮನೆಗಳಿವೆ. ಅವರನ್ನು ಕೇಳದೆ ಗುದ್ದಲಿ ಎತ್ತಬೇಡಿ.

ಕಿತ್ತ ಜಾಗವನ್ನು ಕಾಯದಿದ್ದರೆ ಮತ್ತೆ ಜಾಲಿಯೇ ಬರುತ್ತೆ. ಕಾಯೋದು ಹೇಗೆ ಅಂತ ನಮ್ಮ ಸೀಮೆಯವರೇ ತೋರಿಸಿದ್ದಾರೆ. ರೊದ್ದಂ ಕಡೆಯ ಕಲ್ಪವಲ್ಲಿಯಲ್ಲಿ ಹಳ್ಳಿಯವರು ಟಿಂಬಕ್ಟು ಕಲೆಕ್ಟಿವ್ ಜೊತೆ ಸೇರಿ 1990ರ ದಶಕದಿಂದ ಸಾವಿರಾರು ಎಕರೆ ಬೋಳುಗುಡ್ಡವನ್ನು ಬೇಸಿಗೆಯ ಬೆಂಕಿಯಿಂದ ಕಾದರು. ಈಗ ಅಲ್ಲಿಂದ ದನಕ್ಕೆ ಹುಲ್ಲು ಬರುತ್ತಿದೆ.